ಚಿಂಟು ಬಂದ ವರ್ಷ

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಮಗಳು ಇದ್ದಕ್ಕಿದ್ದಂತೆ, "ಅಪ್ಪಾ, ಡೋರಾ ಅಮೆರಿಕಾದವಳಂತೆ, ನಿಂಗೊತ್ತಿತ್ತಾ?" ಅಂದಳು.

ಅವಳಿಗೀಗ ಇಪ್ಪತ್ತು ವರ್ಷ. ಕಾಲೇಜಿನ ಕ್ಯಾಂಟೀನಿನಲ್ಲಿ ಗೆಳತಿಯರು ಚಿಕ್ಕಂದಿನ ಕಾರ್ಟೂನುಗಳ ಬಗ್ಗೆ ಮಾತಾಡ್ತಾ ಕೂತಿದ್ದರಂತೆ. ಪುಣೆಯ ಹುಡುಗಿಯೊಬ್ಬಳು ಡೋರಾಳ ಮಾತನ್ನು ಹಿಂದಿಯಲ್ಲಿ ಹೇಳಿ ತೋರಿಸಿದಳಂತೆ, ಇನ್ನೊಬ್ಬಳು ಇಂಗ್ಲಿಷಿನಲ್ಲಿ. ನಮ್ಮವಳು ಮಾತ್ರ "ಅಯ್ಯೋ, ಅದು ಕನ್ನಡದ್ದಲ್ವಾ?" ಅಂದು ಎಲ್ಲರ ಹತ್ತಿರ ನಗೆಪಾಟಲಾಗಿ ಬಂದಿದ್ದಳು. ಅಮೆರಿಕ ಅಂದ್ರೆ ಏನು ಅಂತ ಗೊತ್ತಿಲ್ಲದವಳೇನಲ್ಲ. ಡೋರಾ ಬೇರೆ ಭಾಷೆಯಲ್ಲಿ ಮಾತಾಡಬಹುದು ಅಂತ ಯಾವತ್ತೂ ಯೋಚನೆಯೇ ಮಾಡಿರಲಿಲ್ಲ, ಅಷ್ಟೆ.

ನಾನೂ ನಕ್ಕೆ. ಆದರೆ ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವಳಿಗಿಂತ ಆರೇ ವರ್ಷ ದೊಡ್ಡವನು ನನ್ನ ಅಕ್ಕನ ಮಗ. ಇದೇ ವಿಜಯನಗರದಲ್ಲಿ, ಇದೇ ರಸ್ತೆಯಲ್ಲಿ ಬೆಳೆದವನು. ಅವನ ಬಾಯಿಂದ ಇಂಥ ಮಾತು ಬರೋದು ಸಾಧ್ಯವೇ ಇರಲಿಲ್ಲ. ಅವನ ಕಾರ್ಟೂನುಗಳೆಲ್ಲ ಹಿಂದಿಯವು. ಇಬ್ಬರ ನಡುವೆ ಒಂದು ವರ್ಷ ಬಂದು ನಿಂತಿದೆ: 2009. ಆ ವರ್ಷದ ಬಗ್ಗೆ ಯಾರೂ ಬರೆದಿದ್ದು ನಾನು ಕಂಡಿಲ್ಲ. ಹಾಗಾಗಿ ನಾನೇ ಬರೀತಿದ್ದೀನಿ. ಸ್ವಲ್ಪ ಉದ್ದವಾದರೆ ಕ್ಷಮಿಸಿ..

ಮೊದಲು ಹಿಂದಕ್ಕೆ ಹೋಗಬೇಕು. 1993ರ ಸುಮಾರಿನ ಭಾನುವಾರದ ಬೆಳಗ್ಗೆಗಳು ನಿಮಗೂ ನೆನಪಿರಬಹುದು. ದೂರದರ್ಶನದಲ್ಲಿ 'ಜಂಗಲ್ ಬುಕ್'. ಮೂಲತಃ ಅದು ಜಪಾನಿನ ನಿಪ್ಪಾನ್ ಆನಿಮೇಷನ್ ಅನ್ನೋ ಸಂಸ್ಥೆ 1989ರಲ್ಲಿ ಮಾಡಿದ 52 ಕಂತುಗಳ ಧಾರಾವಾಹಿ. ಹಿಂದಿಗೆ ತಂದಾಗ ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್, ಶೇರ್ ಖಾನ್ ಹುಲಿಗೆ ದನಿ ನಾನಾ ಪಾಟೇಕರ್. ನಾನಾಗ ಕಾರ್ಟೂನ್ ನೋಡೋ ವಯಸ್ಸು ದಾಟಿದ್ದೆ, ಆದರೂ ತಮ್ಮನ ನೆಪದಲ್ಲಿ ಕೂತು ನೋಡುತ್ತಿದ್ದೆ. ಆ ಹಾಡು ನಮ್ಮ ರಸ್ತೆಯ ಎಲ್ಲ ಹುಡುಗರಿಗೂ ಬರ್ತಿತ್ತು. ಅರ್ಥ ಮಾತ್ರ ಅರ್ಧಂಬರ್ಧ.

ಒಂದು ಸಣ್ಣ ವಿಷಯ ಆಗ ತಲೆಗೇ ಹೊಳೆದಿರಲಿಲ್ಲ. ಇಂಗ್ಲಿಷಿನವನು ಬರೆದ ಕಥೆ, ಜಪಾನಿನವರು ಬಿಡಿಸಿದ ಚಿತ್ರ, ಹಿಂದಿಯ ದನಿ. ಅದನ್ನು ಯಾರೂ 'ಡಬ್ಬಿಂಗ್' ಅಂತ ಕರೀತಿರಲಿಲ್ಲ. ಹಿಂದಿಯವರಿಗೆ ಅದು ಅವರದ್ದೇ ಮೋಗ್ಲಿ!

1995ರ ಮೇ ತಿಂಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಹಗಲೆಲ್ಲ ಟಾಮ್ ಅಂಡ್ ಜೆರ್ರಿ, ರಾತ್ರಿಯಾದರೆ ಅದೇ ಚಾನೆಲ್ಲು ಟಿಎನ್‌ಟಿ ಆಗಿ ಹಳೇ ಹಾಲಿವುಡ್ ಸಿನಿಮಾ. ಮೊದಮೊದಲು ಎಲ್ಲವೂ ಇಂಗ್ಲಿಷು. ಮಕ್ಕಳು ಮಾತು ಕೇಳುತ್ತಿರಲಿಲ್ಲ, ಬೆಕ್ಕು ಇಲಿಯ ಓಟ ನೋಡುತ್ತಿದ್ದರು. ಆಮೇಲೆ ಹಿಂದಿ ಬಂತು, ತಮಿಳು ಬಂತು, ತೆಲುಗು ಬಂತು. 2004ರ ಡಿಸೆಂಬರಿನಲ್ಲಿ ಡಿಸ್ನಿ ಚಾನೆಲ್ ಭಾರತದಲ್ಲಿ ಶುರುವಾದಾಗಲೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು, ಬೇಜಾರಾಗಬೇಡಿ. ಆಗಿನ ಕೇಬಲ್ಲಿನಲ್ಲಿ ನಿಮ್ಮ ಮನೆಯ ರಿಮೋಟಿನಿಂದ ಭಾಷೆ ಬದಲಾಯಿಸೋಕೆ ಆಗ್ತಿರಲಿಲ್ಲ. ಉಪಗ್ರಹದಿಂದ ಬರುವ ಒಂದೇ ಚಾನೆಲ್ಲಿನಲ್ಲಿ ಚಿತ್ರದ ಜೊತೆಗೆ ನಾಲ್ಕು ಭಾಷೆಯ ದನಿ ಇರಬಹುದು. ಕೇಬಲ್ಲಿನವನ ಆಫೀಸಿನಲ್ಲಿರುವ ಡಬ್ಬ ಅದರಲ್ಲಿ ಒಂದನ್ನು ಮಾತ್ರ ಆರಿಸಿ ತಂತಿಗೆ ಬಿಡುತ್ತಿತ್ತು. ಅಂದರೆ ಇಡೀ ಬಡಾವಣೆಯ ಮಕ್ಕಳು ಯಾವ ಭಾಷೆಯಲ್ಲಿ ಕಾರ್ಟೂನ್ ನೋಡಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಆ ಡಬ್ಬ! ನಮ್ಮ ಕಡೆ ಅದು ಹೆಚ್ಚಾಗಿ ಹಿಂದಿಗೆ ನಿಂತಿರುತ್ತಿತ್ತು. ಒಂದು ಸಲ ಕೇಬಲ್ಲಿನ ಹುಡುಗ ದುಡ್ಡು ಇಸ್ಕೊಳ್ಳೋಕೆ ಬಂದಾಗ ಕೇಳಿಯೇ ಬಿಟ್ಟೆ, "ಕನ್ನಡದಲ್ಲಿ ಹಾಕೋಕಾಗಲ್ವೇನಪ್ಪ?" ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಕನ್ನಡ ಬಂದ್ರೆ ತಾನೆ ಸಾರ್ ಹಾಕೋದು? ಮೇಲಿಂದಾನೇ ಬರಲ್ಲ" ಅಂದ. ಮೇಲಿಂದ ಅಂದರೆ ಉಪಗ್ರಹದಿಂದ. ನನಗ್ಯಾಕೋ ದೇವರ ಕಡೆ ಕೈ ತೋರಿಸಿದ ಹಾಗೆ ಅನ್ನಿಸಿತು :-)

ಅಕ್ಕನ ಮಗ ಬೆಳೆದದ್ದು ಈ ಡಬ್ಬದ ಕಾಲದಲ್ಲಿ. ಡೋರೆಮಾನ್, 2006ರಿಂದ ಹಂಗಾಮಾದಲ್ಲಿ ಶಿನ್‌ಚಾನ್, 2008ರಿಂದ ಪೋಗೋದಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್‌ನವರ ಛೋಟಾ ಭೀಮ್. ಆರೇಳು ವರ್ಷಕ್ಕೇ ಅಚ್ಚುಕಟ್ಟಾದ ಹಿಂದಿ ಮಾತಾಡುತ್ತಿದ್ದ. ಬಂದವರ ಮುಂದೆ ಅಕ್ಕ ಹೆಮ್ಮೆಯಿಂದ ಅವನ ಕೈಲಿ ಮಾತಾಡಿಸುತ್ತಿದ್ದಳು. ಹೆಮ್ಮೆ ಪಡೋದರಲ್ಲಿ ತಪ್ಪೇನಿಲ್ಲ, ಒಂದು ಭಾಷೆ ಪುಕ್ಕಟೆಯಾಗಿ ಬಂದರೆ ಯಾರಿಗೆ ಬೇಡ? ನನಗೆ ಚುಚ್ಚಿದ್ದು ಬೇರೆ. ಅವನು ಒಬ್ಬನೇ ಆಡ್ತಾ ಕೂತಾಗ, ಬೊಂಬೆಗಳ ಬಾಯಲ್ಲಿ ಮಾತು ಹಾಕುತ್ತಿದ್ದದ್ದು ಹಿಂದಿಯಲ್ಲಿ. ಊಟ ಬೇಕು, ನೀರು ಬೇಕು ಅನ್ನೋದು ಕನ್ನಡದಲ್ಲಿ. ಕತ್ತಿ ಯುದ್ಧ, ರಾಕ್ಷಸ, ರಾಜಕುಮಾರಿ, ಮಾಯೆ ಮಂತ್ರ ಎಲ್ಲ ಹಿಂದಿಯಲ್ಲಿ. ಕನ್ನಡ ಅವನಿಗೆ ಅಡಿಗೆಮನೆ ಭಾಷೆ, ಕಲ್ಪನೆಯ ಭಾಷೆ ಬೇರೆ.

ಇನ್ನೊಂದು ತಮಾಷೆ ಕೇಳಿ. 2000ದ ದಶಕದ ಶುರುವಿನಲ್ಲಿ ತಿರುವನಂತಪುರದ ಟೂನ್ಜ್ ಸಂಸ್ಥೆ ಕಾರ್ಟೂನ್ ನೆಟ್‌ವರ್ಕಿಗಾಗಿ ತೆನಾಲಿ ರಾಮನ ಕಥೆಗಳನ್ನು ಮಾಡಿತು. ಒಳ್ಳೇ ಕೆಲಸವೇ. ಆದರೆ ನಮ್ಮ ಬಡಾವಣೆಯ ಹೆಸರು ವಿಜಯನಗರ, ಪಕ್ಕದ ಬಡಾವಣೆ ಹಂಪಿನಗರ. ಇಲ್ಲಿ ಕೂತು ಮಕ್ಕಳು ಕೃಷ್ಣದೇವರಾಯನ ಆಸ್ಥಾನವನ್ನು ಹಿಂದಿಯಲ್ಲಿ ನೋಡಿದರು. ಹಂಪಿನಗರದ ಲೈಬ್ರರಿಯಲ್ಲಿ ತೆನಾಲಿ ರಾಮಕೃಷ್ಣನ ಕನ್ನಡ ಪುಸ್ತಕಗಳು ಇದ್ದವು, ಟಿವಿಯ ಮುಂದೆ ಅವು ಯಾವ ಲೆಕ್ಕ.

ಕನ್ನಡ ಯಾಕೆ ಬರಲಿಲ್ಲ? ಮಾರುಕಟ್ಟೆ ಸಣ್ಣದು ಅನ್ನೋದು ಒಂದು ಉತ್ತರ. ಇನ್ನೊಂದು ನಿಮಗೆಲ್ಲ ಗೊತ್ತಿರೋದೇ. 1960ರ ದಶಕದಲ್ಲಿ ಡಬ್ಬಿಂಗ್ ಚಿತ್ರಗಳ ಹಾವಳಿಯಲ್ಲಿ ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವೇ ಇಲ್ಲದಂತಾದಾಗ ಅ.ನ.ಕೃ. ಅವರಂಥವರು ಎದ್ದು ನಿಂತರು, ರಾಜಕುಮಾರ್ ಜೊತೆಗೆ ನಿಂತರು. ಕಾನೂನೇನೂ ಆಗಲಿಲ್ಲ. ಆದರೆ ಬರೆಯದ ಆ ಕಟ್ಟುಪಾಡು ಬರೆದ ಕಾನೂನಿಗಿಂತ ಗಟ್ಟಿಯಾಗಿ ನಾಲ್ಕೈದು ದಶಕ ನಡೆಯಿತು. ಆಗಿನ ಕಾಲಕ್ಕೆ ಅದು ಬೇಕಾಗಿತ್ತು ಅಂತ ಇವತ್ತಿಗೂ ನಂಬುತ್ತೇನೆ. ಅದಿಲ್ಲದಿದ್ದರೆ ಕನ್ನಡ ಚಿತ್ರರಂಗ ತಲೆ ಎತ್ತುತ್ತಿತ್ತೋ ಇಲ್ಲವೋ. ನಾನು ಅಪ್ಪಟ ಅಣ್ಣಾವ್ರ ಅಭಿಮಾನಿ. ಡಬ್ಬಿಂಗ್ ಬೇಡ ಅಂತ ಮಾರುತಿ ಮಂದಿರದ ಹತ್ತಿರ ಯಾರೋ ಸಹಿ ಸಂಗ್ರಹ ಮಾಡುತ್ತಿದ್ದಾಗ ಎರಡು ಮಾತಿಲ್ಲದೆ ಸಹಿ ಹಾಕಿ, ಹಿಂದೆ ನಿಂತಿದ್ದವನ ಕೈಗೂ ಪೆನ್ನು ಕೊಟ್ಟು ಬಂದವನು.

ಸಹಿ ಹಾಕುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಸಿನಿಮಾ. ಅಕ್ಕನ ಮಗನ ಬೊಂಬೆಗಳು ಇರಲಿಲ್ಲ. ಆ ಕಟ್ಟುಪಾಡು ಬೆಳೆದು ಬೆಳೆದು ಟಿವಿಗೂ ಬಂದಿತ್ತು. 1987ರ ರಾಮಾಯಣವನ್ನು ನಮ್ಮಜ್ಜಿ ಒಂದಕ್ಷರ ಹಿಂದಿ ಬಾರದೆ ಕೈ ಮುಗಿದುಕೊಂಡು ನೋಡಿದ್ದು ಅದೇ ರೀತಿ. ಅಜ್ಜಿಗೆ ಕಥೆ ಮೊದಲೇ ಗೊತ್ತಿತ್ತು, ನಡೆಯಿತು. ನಾಲ್ಕು ವರ್ಷದ ಮಗುವಿಗೆ ಯಾವ ಕಥೆ ಗೊತ್ತಿರುತ್ತೆ?

2009ರ ಏಪ್ರಿಲ್. ಸನ್ ನೆಟ್‌ವರ್ಕಿನವರು ಕನ್ನಡದಲ್ಲಿ ಮಕ್ಕಳಿಗಾಗಿಯೇ ಚಿಂಟು ಟಿವಿ ಅನ್ನೋ ಚಾನೆಲ್ ಶುರು ಮಾಡಿದರು. ತಮಿಳಿನಲ್ಲಿ 2007ರಲ್ಲೇ ಚುಟ್ಟಿ ಟಿವಿ ಮಾಡಿ ಕೈ ಪಳಗಿಸಿಕೊಂಡಿದ್ದರು. ತೆಲುಗಿನ ಖುಷಿ ಟಿವಿ ಬಂದದ್ದೂ 2009ರಲ್ಲೇ. ಮಲಯಾಳದ ಕೊಚ್ಚು ಟಿವಿಗೆ 2011 ಆಗಬೇಕಾಯಿತು. ಅಂದರೆ ಈ ಒಂದು ವಿಷಯದಲ್ಲಿ ನಾವು ಕೇರಳದವರಿಗಿಂತ ಮುಂದೆ!

ಯಾವ ಸಮಾರಂಭವೂ ನಮ್ಮ ರಸ್ತೆಯಲ್ಲಿ ಆಗಲಿಲ್ಲ ಬಿಡಿ. ಅದೇ ಕೇಬಲ್ಲಿನ ಹುಡುಗ ತಿಂಗಳ ದುಡ್ಡಿಗೆ ಬಂದವನು ಬಾಗಿಲಲ್ಲೇ ನಿಂತು, "ಸಾರ್, ನೀವು ಕೇಳ್ತಿದ್ರಲ್ಲ, ಬಂದಿದೆ ನೋಡಿ" ಅಂದ. ನಾನು ಕೇಳಿದ್ದು ನನಗೇ ಮರೆತಿತ್ತು. ಅವನೇ ಒಳಗೆ ಬಂದು ನಮ್ಮ ಹಳೇ ಟಿವಿಯಲ್ಲಿ ಹುಡುಕಿ, ನಂಬರ್ ಕೂರಿಸಿಕೊಟ್ಟು ಹೋದ. ಮಗಳಿಗೆ ಆಗ ನಾಲ್ಕು ವರ್ಷ.

ಇದು ಬರೀ ಕನ್ನಡದ ದನಿ ಅಲ್ಲ, ಕನ್ನಡದ ಚಾನೆಲ್ ಅನ್ನೋದೇ ದೊಡ್ಡ ವಿಷಯ. ಇರುವ ಚಾನೆಲ್ಲಿಗೆ ಐದನೇ ದನಿಯಾಗಿ ಕನ್ನಡ ಸೇರಿಸಿದ್ದರೆ ಮತ್ತೆ ಆ ಡಬ್ಬದ ಮರ್ಜಿಗೆ ಕಾಯಬೇಕಿತ್ತು. ಚಿಂಟುವಿನಲ್ಲಿ ಆರಿಸೋದಕ್ಕೇ ಏನೂ ಇರಲಿಲ್ಲ. ಹಾಕಿದರೆ ಕನ್ನಡ, ಅಷ್ಟೆ. ಜಾಕಿ ಚಾನ್ ಕನ್ನಡದಲ್ಲಿ ಒದೆಯುತ್ತಿದ್ದ. (2000ದಿಂದ 2005ರವರೆಗೆ 95 ಕಂತು ಬಂದ ಅಮೆರಿಕದ ಧಾರಾವಾಹಿ ಅದು.) ಆಮೇಲೆ ಡೋರಾ.

ಡೋರಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಶಿನ್‌ಚಾನ್ ನೋಡೋ ಮಗು ಬಾಯಿ ಬಿಟ್ಟುಕೊಂಡು ನೋಡುತ್ತದೆ. ಡೋರಾ ಹಾಗಲ್ಲ. ಅವಳು ಪರದೆಯಿಂದ ನೇರವಾಗಿ ಮಗುವನ್ನು ನೋಡಿ ಪ್ರಶ್ನೆ ಕೇಳ್ತಾಳೆ. ಸೇತುವೆ ಎಲ್ಲಿದೆ? ಯಾವ ದಾರೀಲಿ ಹೋಗೋಣ? ಕೇಳಿ ಸುಮ್ಮನಾಗ್ತಾಳೆ. ಕಣ್ಣು ಪಿಳುಕಿಸಿಕೊಂಡು ಕಾಯ್ತಾಳೆ. ಇದು ಆ ಕಾರ್ಯಕ್ರಮದ ಮುಖ್ಯ ಹಿಕ್ಮತ್ತು. ಕದಿಯೋಕೆ ಬರುವ ನರಿಗೆ ಕದಿಯಬೇಡ ಅಂತ ಮೂರು ಸಲ ಹೇಳಬೇಕು, ಅದನ್ನು ಮಗುವೂ ಜೊತೆಯಲ್ಲಿ ಹೇಳಬೇಕು. ಆ ಮೌನ ಇದೆಯಲ್ಲ, ಅದನ್ನು ತುಂಬೋ ಕೆಲಸ ಮಗುವಿನದು. ಮೊದಲ ದಿನ ಮಗಳು ನನ್ನ ಮುಖ ನೋಡಿದಳು, ಉತ್ತರ ಹೇಳಬಹುದಾ ಅನ್ನೋ ಹಾಗೆ. ಎರಡನೇ ದಿನಕ್ಕೆ ಸೋಫಾ ಮೇಲೆ ನಿಂತು ಕೂಗುತ್ತಿದ್ದಳು, "ಅಲ್ಲೇ! ಮರದ ಹಿಂದೆ! ಹಿಂದೆ ಕಣೇ!" 'ಕಣೇ' ಅಂತ ಅವಳಿಗೆ ಡೋರಾ ಹೇಳಿಕೊಟ್ಟಿರಲಿಲ್ಲ. ಅದು ನಮ್ಮಮ್ಮನ ಮಾತು. ಟಿವಿಯೊಳಗಿನ ಹುಡುಗಿಗೆ ಅದನ್ನು ಅಂದಿದ್ದು ಕೇಳಿ ಅಡಿಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಕೊಂಡೇ ಓಡಿ ಬಂದರು, ಮನೆಗೆ ಯಾರು ಬಂದರು ಅಂತ.

ಆ ಹೊತ್ತಿಗೆ ಅಕ್ಕನ ಮಗ ಹತ್ತು ವರ್ಷದವನು. ಅವನು ಚಿಂಟು ನೋಡಿ ಮೂಗು ಮುರಿದ. "ಜಾಕಿ ಚಾನ್ ಕನ್ನಡ ಮಾತಾಡ್ತಾನಾ? ಚೆನ್ನಾಗಿಲ್ಲ, ಡೂಪ್ಲಿಕೇಟು" ಅಂದ. ಹಿಂದಿಯೂ ಡೂಪ್ಲಿಕೇಟೇ ಕಣೋ, ಅವನು ಮೂಲದಲ್ಲಿ ಮಾತಾಡೋದು ಇಂಗ್ಲಿಷು ಅಂದರೆ ಅವನಿಗೆ ನಂಬಿಕೆಯೇ ಇಲ್ಲ. ಮೊದಲು ಕೇಳಿದ್ದು ಮೂಲ, ಆಮೇಲೆ ಬಂದಿದ್ದು ನಕಲು. ಮಗಳದ್ದೂ ಇದೇ ಲೆಕ್ಕ, ತಿರುಗಾಮುರುಗಾ ಅಷ್ಟೆ.

ನಿಜ ನೋಡಿದರೆ ಕಾರ್ಟೂನಿಗೆ ಮೂಲ ದನಿ ಅನ್ನೋದೇ ಒಂದು ವಿಚಿತ್ರ ಮಾತು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ದನಿ ಮುದ್ರಿಸಿಕೊಂಡು ಅದಕ್ಕೆ ತಕ್ಕಂತೆ ಬಾಯಿ ಬಿಡಿಸುತ್ತಾರೆ. ಜಪಾನಿನಲ್ಲಿ ಹೆಚ್ಚಾಗಿ ಚಿತ್ರ ಮೊದಲು, ದನಿ ಆಮೇಲೆ. ಹೇಗೇ ಮಾಡಿದರೂ ಚಿತ್ರದ ಬೊಂಬೆ ತಾನಾಗಿ ಮಾತಾಡೋದಿಲ್ಲ, ಯಾರೋ ಬೇರೆಯವರು ಪಕ್ಕದಲ್ಲಿ ನಿಂತು ಮಾತು ಕೊಡಬೇಕು. ತೊಗಲುಗೊಂಬೆ ಆಟ ನೋಡಿದ ನಮಗೆ ಇದು ಹೊಸದೇನಲ್ಲ. ಪರದೆ ಹಿಂದೆ ಕೂತ ಒಬ್ಬನೇ ರಾವಣನಿಗೂ ಸೀತೆಗೂ ದನಿ ಕೊಡುತ್ತಾನೆ. ಬೊಂಬೆಯ ಮಾತೃಭಾಷೆ ಯಾವುದು ಅಂತ ಯಾರಾದರೂ ಕೇಳುತ್ತಾರಾ? ರಾಜಕುಮಾರ್ ಅವರ ಮುಖಕ್ಕೆ ಇನ್ನೊಬ್ಬರ ದನಿ ಕೂರಿಸಿದರೆ ನನಗೆ ಹೊಟ್ಟೆ ಉರಿಯುತ್ತೆ. ಡೋರಾಳ ಮುಖಕ್ಕೆ ಯಾವ ದನಿಯಾದರೇನು? ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳೋಕೆ ನನಗೆ ಮಗಳು ಬೇಕಾದಳು.

ಹಾಗಂತ ಚಿಂಟು ಬಂದಿದ್ದು ಕನ್ನಡದ ದೊಡ್ಡ ಗೆಲುವು ಅಂತ ಕುಣಿಯೋ ಹಾಗೂ ಇಲ್ಲ. ಅಮೆರಿಕದಲ್ಲಿ ಡೋರಾ ಇಂಗ್ಲಿಷ್ ಮಕ್ಕಳಿಗೆ ನಡುನಡುವೆ ಸ್ಪ್ಯಾನಿಷ್ ಪದ ಕಲಿಸುತ್ತಾಳೆ. ನಮ್ಮ ಡೋರಾ ನಡುನಡುವೆ ಕಲಿಸುತ್ತಿದ್ದದ್ದು ಇಂಗ್ಲಿಷ್ ಪದಗಳನ್ನು! ವಿಜಯನಗರದ ಕಾನ್ವೆಂಟ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಕಾಡಿನಿಂದ ಡೋರಾ ಬರಬೇಕಾ? ಅಮ್ಮನಿಗೆ ಮಾತ್ರ ಅದೇ ಇಷ್ಟವಾಯಿತು. ಮೊಮ್ಮಗಳ ಜೊತೆ ಕೂತು ಅವರೂ ನಾಲ್ಕು ಪದ ಕಲಿತರು. ಇನ್ನು ಅಲ್ಲಿಯ ಕನ್ನಡ ಒಮ್ಮೊಮ್ಮೆ ಪಠ್ಯಪುಸ್ತಕದ ಹಾಗೆ, ಒಮ್ಮೊಮ್ಮೆ ಯಾವ ಊರಿನದ್ದೂ ಅಲ್ಲದ ಹಾಗೆ ಇರ್ತಿತ್ತು. ನಮ್ಮ ಕಡೆ ಮಕ್ಕಳು 'ದಯವಿಟ್ಟು' ಅಂತಾರೇನ್ರೀ? ಮಗಳು ಸ್ವಲ್ಪ ದಿನ ಅಂದಳು. "ಅಜ್ಜೀ, ದಯವಿಟ್ಟು ದೋಸೆ ಕೊಡು." ನಕ್ಕು ನಕ್ಕು ಸಾಕಾಯಿತು.

ಇನ್ನೂ ಮುಖ್ಯವಾದ್ದು, ಸಿನಿಮಾ ಡಬ್ಬಿಂಗಿಗೆ ಎದ್ದಂಥ ಗಲಾಟೆ ಕಾರ್ಟೂನಿಗೆ ಏಳಲಿಲ್ಲ, ಚಾನೆಲ್ ನಡೆದುಕೊಂಡು ಹೋಯಿತು. ಯಾಕೆ ಅಂತ ಆಗ ಯೋಚಿಸಿ ಖುಷಿಪಟ್ಟಿದ್ದೆ, ಮಕ್ಕಳ ವಿಷಯ ಅಂತ ಎಲ್ಲರೂ ದೊಡ್ಡ ಮನಸ್ಸು ಮಾಡಿದ್ದಾರೆ ಅಂತ. ಈಗ ಹಾಗನ್ನಿಸೋದಿಲ್ಲ. ಡಬ್ಬಿಂಗ್ ವಿರೋಧದ ಮುಖ್ಯ ಕಾರಣ ಇಲ್ಲಿಯವರ ಕೆಲಸ ಹೋಗುತ್ತೆ ಅನ್ನೋದು. ಟಿವಿಗಾಗಿ ಕನ್ನಡದಲ್ಲೇ ಕಾರ್ಟೂನ್ ಮಾಡುವ ಉದ್ಯಮ ಅಂತ ಒಂದು ಇದ್ದಿದ್ದರೆ ತಾನೆ ಕೆಲಸ ಹೋಗೋದು? ಖಾಲಿ ಸೈಟಿಗೆ ಯಾರು ಬಂದು ಬೇಲಿ ಹಾಕಿದರೂ ಜಗಳಕ್ಕೆ ಬರೋರು ಇರಲ್ಲವಲ್ಲ, ಹಾಗೆ. ಕೆಲಸ ಹೋಗೋದಿರಲಿ, ಕನ್ನಡದಲ್ಲಿ ದನಿ ಕೊಡುವವರಿಗೆ, ಮಾತು ಬರೆಯುವವರಿಗೆ ಹೊಸ ಕೆಲಸ ಹುಟ್ಟಿತು.

ಊರಲ್ಲಿ ಚಿತ್ರ ಬಿಡಿಸೋರು ಇರಲಿಲ್ಲ ಅಂತಲ್ಲ. ಅದೇ ಕಾಲದಲ್ಲಿ ಇದೇ ಬೆಂಗಳೂರಿನಲ್ಲಿ ಟೆಕ್ನಿಕಲರ್ ಕಂಪನಿಯ ಒಳಗೆ ಹಾಲಿವುಡ್ಡಿನ ಡ್ರೀಮ್‌ವರ್ಕ್ಸ್‌ಗಾಗಿಯೇ ಒಂದು ಘಟಕ ನಡೆಯುತ್ತಿತ್ತು. 2012ರಲ್ಲಿ ಆನಿಮೇಷನ್ ಉದ್ಯಮಕ್ಕೆ ಅಂತಲೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ. ಕೈ ಇತ್ತು, ಕಂಪ್ಯೂಟರ್ ಇತ್ತು, ನೀತಿಯೂ ಬಂತು. ಮಾತು ಮಾತ್ರ ಬೇರೆಯವರದ್ದು. ಪುಣ್ಯಕೋಟಿಯ ಕಥೆಯನ್ನೇ ನೋಡಿ. ಕನ್ನಡದ ಮಕ್ಕಳು ಅತ್ತು ಅತ್ತು ಕಲಿತ ಕಥೆ. ಅದು ಪೂರ್ಣ ಪ್ರಮಾಣದ ಆನಿಮೇಷನ್ ಚಿತ್ರವಾಗಿ ಬಂದದ್ದು 2020ರಲ್ಲಿ, ಮಾಡಿದವರು ಬೆಂಗಳೂರಿನ ರವಿಶಂಕರ್, ಸಂಗೀತ ಇಳಯರಾಜಾ. ಭಾಷೆ? ಸಂಸ್ಕೃತ. ಅವರ ಶ್ರಮಕ್ಕೆ ಕೈ ಮುಗಿಯುತ್ತೇನೆ, ಆದರೂ ಒಂದು ಕ್ಷಣ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು.

ಆಮೇಲಿನ ಕಥೆ ಬೇಗ ಹೇಳಿ ಮುಗಿಸ್ತೀನಿ. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ಬೇರೆ ಭಾಷೆಗಳಲ್ಲಿ ಡಬ್ ಆಗಿ ಬಂತು, ಕನ್ನಡದಲ್ಲಿ ಬಾರದ ಹಾಗೆ ತಡೆದರು. ಕನ್ನಡ ಗ್ರಾಹಕರ ಕೂಟದವರು ಸ್ಪರ್ಧಾ ಆಯೋಗದ ಮೆಟ್ಟಿಲೇರಿದರು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಮಾಡಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಅಂತ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ ಮಹಾಭಾರತ, ಜೀ ಕನ್ನಡದಲ್ಲಿ ಅಂಬೇಡ್ಕರ್ ಕುರಿತ 'ಮಹಾನಾಯಕ' ಡಬ್ ಆಗಿ ಬಂದು ಮನೆಮನೆಯಲ್ಲೂ ನಡೆದವು. 2021ರಲ್ಲಿ ಈಟಿವಿ ಬಾಲ ಭಾರತ್ ಶುರುವಾದಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇತ್ತು. ದೊಡ್ಡವರಿಗೆ 2017ರಲ್ಲಿ, 2020ರಲ್ಲಿ ತೆರೆದ ಬಾಗಿಲನ್ನು ಮಕ್ಕಳು 2009ರಲ್ಲೇ ಸದ್ದಿಲ್ಲದೆ ದಾಟಿ ಆಗಿತ್ತು.

ಅಕ್ಕನ ಮಗ ಈಗ ಗುರ್‌ಗಾಂವ್‌ನಲ್ಲಿ ಕೆಲಸದಲ್ಲಿದ್ದಾನೆ, ಹಿಂದಿ ಅವನಿಗೆ ಅನ್ನ ಕೊಡುತ್ತಿದೆ. ಮಗಳು ಡೈರಿ ಬರೆಯೋದು ಕನ್ನಡದಲ್ಲಿ. ಇದಕ್ಕೆಲ್ಲ ಚಿಂಟು ಟಿವಿಯೇ ಕಾರಣ ಅಂದರೆ ಅತಿಯಾಯ್ತು. ಇಬ್ಬರ ಶಾಲೆ ಬೇರೆ, ಮನೆ ಬೇರೆ, ಮಗಳನ್ನು ಸಾಕಿದ್ದು ಅಜ್ಜಿ. ಆದರೂ ಬೊಂಬೆ ಆಟದಲ್ಲಿ ಅವಳ ರಾಕ್ಷಸರು ಕನ್ನಡದಲ್ಲೇ ಗದರುತ್ತಿದ್ದರು ಅನ್ನೋದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಹಾಂ, ಮೊನ್ನೆಯ ರಾತ್ರಿಗೆ ವಾಪಸ್ ಬರ್ತೀನಿ. ಊಟ ಆದ ಮೇಲೆ ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಡೋರಾಳ ಹಳೇ ಕನ್ನಡ ತುಣುಕೊಂದನ್ನು ಹಿಡಿದಳು. ಯಾರೋ ಟಿವಿಯಿಂದಲೇ ತೆಗೆದು ಹಾಕಿದ್ದು, ಚಿತ್ರ ಮಸುಕು ಮಸುಕು. ಪಾತ್ರೆ ತೊಳೀತಿದ್ದ ನನ್ನ ಹೆಂಡತಿಯೂ ಕೈ ಒರೆಸಿಕೊಂಡು ಬಂದು ನಿಂತಳು. ಡೋರಾ ಏನೋ ಕೇಳಿದಳು, ಕೇಳಿ ಸುಮ್ಮನಾದಳು, ಕಣ್ಣು ಪಿಳುಕಿಸಿದಳು.

"ಮರದ ಹಿಂದೆ ಕಣೇ" ಅಂದಳು ಮಗಳು, ಸಣ್ಣ ದನಿಯಲ್ಲಿ. ಆಮೇಲೆ ನಮ್ಮಿಬ್ಬರನ್ನೂ ನೋಡಿ, ಮೊಬೈಲನ್ನು ಬೋರಲು ಹಾಕಿ ಮುಖ ಮುಚ್ಚಿಕೊಂಡು ನಕ್ಕಳು.